ಬೆಂಗಳೂರಿನಲ್ಲಿ ಹುಟ್ಟಿ ಅರಕಾನಿನಲ್ಲಿ ಕಾದಿದ 25ನೇ ಡಿವಿಷನ್: ಒಂದು ಪ್ರಕರಣ ಅಧ್ಯಯನ

1942ರ ಆಗಸ್ಟ್ 1ರಂದು ಬೆಂಗಳೂರಿನ ದಂಡಿನಲ್ಲಿ ಒಂದು ಹೊಸ ಸೇನಾ ಡಿವಿಷನ್ ಶುರುವಾಯಿತು. ಹೆಸರು 25ನೇ ಇಂಡಿಯನ್ ಇನ್ಫಂಟ್ರಿ ಡಿವಿಷನ್. ಸೈನಿಕರ ತೋಳಿನ ಮೇಲಿನ ಗುರುತು ಇಸ್ಪೀಟಿನ ಕಪ್ಪು ಎಕ್ಕ. ಈ ಡಿವಿಷನ್ ಬರ್ಮಾದ ಅರಕಾನ್ ರಣರಂಗದಲ್ಲಿ ತನ್ನ ಜಾಗ ಹಿಡಿದದ್ದು 1944ರ ಮಾರ್ಚ್‌ನಲ್ಲಿ. ನಡುವಿನ ಒಂದೂವರೆ ವರ್ಷಕ್ಕೂ ಜಾಸ್ತಿ ಕಾಲ ಅದು ದಕ್ಷಿಣ ಭಾರತದಲ್ಲೇ ಇತ್ತು. ಆ ಹೊತ್ತಿಗೆ ಬರ್ಮಾ ಗಡಿಯಲ್ಲಿ ಬೇರೆ ಡಿವಿಷನ್‌ಗಳು ಪೆಟ್ಟು ತಿನ್ನುತ್ತಿದ್ದವು, ಜ್ವರದಲ್ಲಿ ಮಲಗುತ್ತಿದ್ದವು. ಸಾವಿರಾರು ಜನರನ್ನು ಕೂಡಿಸಿ, ಉಣ್ಣಿಸಿ, ಇಷ್ಟು ದಿನ ಸುಮ್ನೆ ಇಟ್ಟುಕೊಂಡದ್ದು ಸರಿಯೋ ತಪ್ಪೋ? ಈ ಪ್ರಕರಣವನ್ನು ನಾನು ನೋಡುತ್ತಿರುವುದು ಈ ಪ್ರಶ್ನೆ ಇಟ್ಟುಕೊಂಡೇ.

ನಮ್ಮೂರಿನ ಮಿಲಿಟರಿ ಚರಿತ್ರೆ ಅಂದ ಕೂಡಲೇ ಎಲ್ಲರೂ ಹೈಫಾದ ಹೆಸರು ಹೇಳುತ್ತಾರೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಆ ಊರು ಗೆದ್ದರು. ಜೆ.ಸಿ. ನಗರದಲ್ಲಿ ಅವರ ಸ್ಮಾರಕವೂ ಇದೆ. ಕುದುರೆ, ಭರ್ಜಿ, ಒಂದೇ ದಿನದ ಗೆಲುವು. ಹೇಳುವುದಕ್ಕೆ ಚೆನ್ನಾಗಿರುತ್ತದೆ. ಕಾಲಾಳುಗಳ ಡಿವಿಷನ್ ಕಥೆ ಹಾಗಲ್ಲ. ಅದರಲ್ಲಿ ಮಳೆ, ಮಲೇರಿಯಾ, ಹೇಸರಗತ್ತೆ, ದೋಣಿಗಳೇ ಜಾಸ್ತಿ. ಬಹುಶಃ ಅದಕ್ಕೇ 25ನೇ ಡಿವಿಷನ್ ಬಗ್ಗೆ ಇಲ್ಲಿ ಅಷ್ಟು ಮಾತು ಕೇಳಿಬರುವುದಿಲ್ಲ.

ಒಂದು ಡಿವಿಷನ್ ಅಂದರೆ ಎಷ್ಟು ಜನ, ಏನೇನು

ಒಂದು ಬೆಟಾಲಿಯನ್‌ನಲ್ಲಿ ಸುಮಾರು 800 ಜನ. ಮೂರು ಬೆಟಾಲಿಯನ್ ಸೇರಿದರೆ ಒಂದು ಬ್ರಿಗೇಡ್. ಮೂರು ಬ್ರಿಗೇಡ್ ಸೇರಿದರೆ ಡಿವಿಷನ್‌ನ ಬೆನ್ನೆಲುಬು. 25ನೇ ಡಿವಿಷನ್‌ನ ಬ್ರಿಗೇಡ್‌ಗಳ ಸಂಖ್ಯೆ 51, 53 ಮತ್ತು 74. ಲೆಕ್ಕ ಹಾಕಿ ನೋಡಿ, ಒಂಬತ್ತು ಬೆಟಾಲಿಯನ್ ಅಂದರೆ ಏಳು ಸಾವಿರ ಚಿಲ್ಲರೆ ಜನ ಆಯಿತು. ಆದರೆ ಆ ಕಾಲದ ಒಂದು ಡಿವಿಷನ್‌ನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಇರುತ್ತಿದ್ದರು. ಉಳಿದವರೆಲ್ಲ ಯಾರು? ಫಿರಂಗಿಯವರು, ಸೇತುವೆ ಕಟ್ಟುವ ಸ್ಯಾಪರ್‌ಗಳು, ತಂತಿ ಎಳೆಯುವ ಸಿಗ್ನಲ್ಸ್‌ನವರು, ಆಂಬುಲೆನ್ಸ್‌ನವರು, ಲಾರಿ ಮತ್ತು ಹೇಸರಗತ್ತೆ ಹೊಡೆಯುವವರು, ರಿಪೇರಿ ಮಾಡುವವರು.

ನಮ್ಮ ಬೀದಿಯಲ್ಲಿ ಆರ್ಮಿ ಸರ್ವಿಸ್ ಕೋರ್‌ನಿಂದ ಸುಬೇದಾರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಈ ಲೆಕ್ಕವನ್ನು ಅವರ ಮುಂದೆ ಹೇಳಿದೆ. ಅವರು ನಕ್ಕರು. "ಬಂದೂಕು ಹಿಡಿದವನ ಫೋಟೋ ಪೇಪರಿನಲ್ಲಿ ಬರುತ್ತೆ ಕಣಪ್ಪ. ಅವನಿಗೆ ರೇಷನ್ ಮುಟ್ಟಿಸಿದವನ ಫೋಟೋ ಯಾರು ಹಾಕ್ತಾರೆ?" ಅಂದರು. ಅವರ ಮಾತಿನಲ್ಲಿ ತಮ್ಮ ಕೋರ್ ಮೇಲಿನ ಪ್ರೀತಿ ಇದೆ, ಸರಿ. ಆದರೆ 25ನೇ ಡಿವಿಷನ್ ಕಥೆಗೆ ಆ ಮಾತು ಚೆನ್ನಾಗಿ ಹೊಂದುತ್ತದೆ. ಅರಕಾನಿನಲ್ಲಿ ಗುಂಡಿನಷ್ಟೇ ಸಾಗಾಣಿಕೆಯೂ ಯುದ್ಧವನ್ನು ತೀರ್ಮಾನಿಸಿತು.

1942ರ ಭಯ

ಆ ವರ್ಷದ ಕ್ಯಾಲೆಂಡರ್ ನೋಡಿದರೆ ಈ ಡಿವಿಷನ್ ಯಾಕೆ ಬೆಂಗಳೂರಿನಲ್ಲೇ ಹುಟ್ಟಿತು ಅನ್ನುವುದು ತಿಳಿಯುತ್ತದೆ. ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಮಾರ್ಚ್ 8ಕ್ಕೆ ರಂಗೂನ್ ಹೋಯಿತು. ಅದೇ ತಿಂಗಳು ಜಪಾನಿಯರು ಅಂಡಮಾನ್ ಹಿಡಿದರು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿತ್ತು. ಮದರಾಸಿನಲ್ಲಿ ಜನ ಗಂಟುಮೂಟೆ ಕಟ್ಟಿದರು. ಸರ್ಕಾರಿ ಕಚೇರಿಗಳೇ ಒಳನಾಡಿಗೆ ಸರಿದವು. ಜಪಾನಿ ಪಡೆ ಪೂರ್ವ ಕರಾವಳಿಯಲ್ಲಿ ಇಳಿದರೆ ತಡೆಯುವವರು ಯಾರು ಅನ್ನುವ ಪ್ರಶ್ನೆ ನಿಜವಾಗಿಯೂ ಎದುರಿಗಿತ್ತು.

ಬೆಂಗಳೂರು ಕರಾವಳಿಯಿಂದ ದೂರ, ಎತ್ತರದ ಜಾಗ, ಹವೆ ತಂಪು. 1809ರಿಂದಲೂ ಇಲ್ಲಿ ದಂಡು ಇತ್ತು. ಬ್ಯಾರಕ್, ಪೆರೇಡ್ ಮೈದಾನ, ರೈಲು, ಹಲಸೂರು ಕೆರೆಯ ಪಕ್ಕ ಮದ್ರಾಸ್ ಸ್ಯಾಪರ್‌ಗಳ ಕೇಂದ್ರ, ಎಲ್ಲ ಸಿದ್ಧವಾಗಿತ್ತು. 1940ರ ಕೊನೆಗೆ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬೇರೆ. ಆಗ ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರ ಆಡಳಿತದ್ದು. ಡಿವಿಷನ್ ಹುಟ್ಟಿ ಒಂದು ವಾರಕ್ಕೆ, ಆಗಸ್ಟ್ 8ರಂದು, ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು ಪಾಸಾಯಿತು. ಬೆಂಗಳೂರಿನ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗೆ ಇಳಿದರು. ಒಂದೇ ಊರಿನಲ್ಲಿ ಒಂದು ಕಡೆ ಬ್ರಿಟಿಷರು ಹೊರಡಲಿ ಅನ್ನುವ ಕೂಗು, ಇನ್ನೊಂದು ಕಡೆ ಬ್ರಿಟಿಷರ ಸೈನ್ಯದಲ್ಲಿ ಕವಾಯತು ಮಾಡುವ ಭಾರತೀಯ ಹುಡುಗರು. ಇದನ್ನು ದೇಶಭಕ್ತಿಯ ಒಂದೇ ಅಳತೆಗೋಲಿನಿಂದ ಅಳೆಯಲು ಹೋದರೆ ದಾರಿ ತಪ್ಪುತ್ತೇವೆ ಅನ್ನುವುದು ನನ್ನ ಅಭಿಪ್ರಾಯ.

ಡಿವಿಷನ್‌ಗೆ ಮೊದಲ ಮುಖ್ಯಸ್ಥರಾಗಿ ಬಂದವರು ಮೇಜರ್ ಜನರಲ್ ಎಚ್.ಎಲ್. ಡೇವಿಸ್. ಕೆಲವೇ ತಿಂಗಳ ಹಿಂದೆ ಬರ್ಮಾದಿಂದ ಹಿಂದೆ ಸರಿದ ಪಡೆಯಲ್ಲಿ ಜನರಲ್ ಸ್ಲಿಮ್ ಅವರ ಮುಖ್ಯ ಸ್ಟಾಫ್ ಅಧಿಕಾರಿಯಾಗಿದ್ದವರು ಇವರು. ಸುಮಾರು 900 ಮೈಲಿ ಉದ್ದದ ಆ ಹಿಮ್ಮೆಟ್ಟುವಿಕೆಯನ್ನು ಕಣ್ಣಾರೆ ಕಂಡವರು. ರಸ್ತೆಗೆ ಅಂಟಿಕೊಂಡ ಪಡೆಯ ಬೆನ್ನ ಹಿಂದೆ ಕಾಡಿನ ದಾರಿಯಲ್ಲಿ ನುಗ್ಗಿ, ರಸ್ತೆ ಕಟ್ಟಿಹಾಕುವುದು ಜಪಾನಿಯರ ಉಪಾಯ. ಅದರ ಮುಂದೆ ಲಾರಿಗಳನ್ನೇ ನಂಬಿದ ಸೈನ್ಯದ ಗತಿ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸ ಡಿವಿಷನ್ ಕಟ್ಟಲು ಇಂಥವರು ಸಿಕ್ಕಿದ್ದು ಸಣ್ಣ ವಿಷಯವಲ್ಲ.

ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಡಿವಿಷನ್

25ನೇ ಡಿವಿಷನ್ ದಕ್ಷಿಣದಲ್ಲಿ ತರಬೇತಿ ಮಾಡುತ್ತಿದ್ದಾಗ, 14ನೇ ಡಿವಿಷನ್ ಅರಕಾನಿಗೆ ಹೋಯಿತು. ಅರಕಾನ್ ಅಂದರೆ ಬರ್ಮಾದ ಪಶ್ಚಿಮ ಕರಾವಳಿ. ಮಳೆಗಾಲದಲ್ಲಿ 200 ಇಂಚು ಸುರಿಯುವ ಸೀಮೆ. 1943ರ ಮೊದಲ ತಿಂಗಳುಗಳಲ್ಲಿ ಮಾಯು ಪರ್ಯಾಯ ದ್ವೀಪದ ಡಾನ್‌ಬೈಕ್ ಅನ್ನುವ ಊರಿನ ಹತ್ತಿರ ಜಪಾನಿಯರು ಮಣ್ಣು, ಮರದ ದಿಮ್ಮಿಗಳಿಂದ ಬಂಕರ್ ಕಟ್ಟಿಕೊಂಡು ಕುಳಿತಿದ್ದರು. ಮತ್ತೆ ಮತ್ತೆ ಎದುರಿನಿಂದಲೇ ದಾಳಿ ನಡೆಯಿತು. ಮತ್ತೆ ಮತ್ತೆ ಸೋತಿತು. ಸೋತಷ್ಟೂ ಹೊಸ ಬ್ರಿಗೇಡ್‌ಗಳನ್ನು ತಂದು ಸೇರಿಸಿದರು. ಕೊನೆಗೆ ಮೂರು ಬ್ರಿಗೇಡ್ ನೋಡಿಕೊಳ್ಳಬೇಕಾದ ಒಂದೇ ಕಚೇರಿಯ ತಲೆಯ ಮೇಲೆ ಒಂಬತ್ತು ಬ್ರಿಗೇಡ್‌ಗಳ ಭಾರ ಬಿತ್ತು. ಮೇ ತಿಂಗಳ ಹೊತ್ತಿಗೆ ಎಲ್ಲರೂ ಹೊರಟ ಜಾಗಕ್ಕೇ ವಾಪಸ್.

ಈ ಸೋಲಿನಿಂದ ಒಂದು ಒಳ್ಳೆಯ ಕೆಲಸವಾಯಿತು. 1943ರ ಮಧ್ಯದಲ್ಲಿ ಕೂತ ಒಂದು ಸಮಿತಿ, ಹೊಸ ಸಿಪಾಯಿಗಳನ್ನು ಕಾಡಿನ ತರಬೇತಿ ಇಲ್ಲದೆ ಬರ್ಮಾಕ್ಕೆ ಕಳಿಸಬಾರದು ಅಂದಿತು. ಆಮೇಲೆ ಅದೇ 14ನೇ ಡಿವಿಷನ್ ಛಿಂದ್‌ವಾಡಾದಲ್ಲಿ ತರಬೇತಿ ಡಿವಿಷನ್ ಆಯಿತು. ರೆಜಿಮೆಂಟ್ ಕೇಂದ್ರದ ಕಲಿಕೆ ಮುಗಿದ ಮೇಲೆ ಎರಡು ತಿಂಗಳು ಕಾಡಿನಲ್ಲಿ ಕಲಿಯಬೇಕು ಅನ್ನುವ ಪದ್ಧತಿ ಬಂತು. ಮಲೇರಿಯಾಕ್ಕೆ ಮೆಪಾಕ್ರಿನ್ ಮಾತ್ರೆ ಕಡ್ಡಾಯವಾಯಿತು. ಮುಸ್ಸಂಜೆಗೆ ತೋಳು ಮುಚ್ಚಿಕೊಳ್ಳುವುದು, ಸದ್ದಿಲ್ಲದೆ ಗಸ್ತು ತಿರುಗುವುದು, ಸುತ್ತುವರಿದರೂ ಜಾಗ ಬಿಡದೆ ಕೂರುವುದು, ಇವೆಲ್ಲ ಪಾಠವಾದವು. 25ನೇ ಡಿವಿಷನ್ ಇವನ್ನೆಲ್ಲ ಬೇರೆಯವರ ರಕ್ತದ ಖರ್ಚಿನಲ್ಲಿ ಕಲಿತಿತು. ಮಾತು ಕಟುವಾಯಿತು, ಆದರೆ ನಿಜ ಹಾಗೇ ಇದೆ.

ಈ ಕಲಿಕೆಯ ಕಾಲದಲ್ಲಿ ಡಿವಿಷನ್‌ನ ಆಪರೇಷನ್ಸ್ ಸ್ಟಾಫ್‌ನಲ್ಲಿ ಕೆಲಸ ಮಾಡಿದವರಲ್ಲಿ ನಮ್ಮ ಮಡಿಕೇರಿಯವರೊಬ್ಬರಿದ್ದರು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1906ರಲ್ಲಿ ಹುಟ್ಟಿದವರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು, ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಅಧಿಕಾರಿಯಾದವರು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಮಾರ್ಚ್ 1944: ಕಾದದ್ದು ಉಪಯೋಗಕ್ಕೆ ಬಂದ ಗಳಿಗೆ

1944ರ ಫೆಬ್ರವರಿಯಲ್ಲಿ ಜಪಾನಿಯರು ಅರಕಾನಿನಲ್ಲಿ ದಾಳಿ ಮಾಡಿದರು. ಅಲ್ಲಿದ್ದ 5 ಮತ್ತು 7ನೇ ಡಿವಿಷನ್‌ಗಳು ಈ ಸಲ ಓಡಲಿಲ್ಲ. ಸುತ್ತುವರಿದರೂ ಕೂತವು. ವಿಮಾನದಿಂದ ರೇಷನ್, ಮದ್ದುಗುಂಡು ಇಳಿಯಿತು. ದಾಳಿ ಮುರಿಯಿತು. ಆದರೆ ಮಾರ್ಚ್‌ನಲ್ಲಿ ಇಂಫಾಲದ ಮೇಲೆ ಇನ್ನೂ ದೊಡ್ಡ ದಾಳಿ ಬಂತು. ಅಲ್ಲಿಗೆ ತಕ್ಷಣ ಪಡೆ ಬೇಕಾಯಿತು. ಆಗ ಬರ್ಮಾ ರಂಗದ ಸೈನ್ಯದ ಮುಖ್ಯಸ್ಥರಾಗಿದ್ದ ಸ್ಲಿಮ್ 5ನೇ ಡಿವಿಷನ್ನನ್ನು ಅರಕಾನಿನಿಂದ ಕಿತ್ತು, ಫಿರಂಗಿ, ಜೀಪು, ಹೇಸರಗತ್ತೆ ಸಮೇತ ವಿಮಾನದಲ್ಲಿ ಹಾರಿಸಿದರು. ಒಂದು ರಣರಂಗದಿಂದ ಇನ್ನೊಂದು ರಣರಂಗಕ್ಕೆ ಇಡೀ ಡಿವಿಷನ್ ಹೀಗೆ ಹಾರಿದ್ದು ಅದೇ ಮೊದಲು ಅಂತ ಎಲ್ಲರೂ ಬರೆಯುತ್ತಾರೆ.

ಹಾರಿ ಹೋದವರು ಬಿಟ್ಟ ಜಾಗದಲ್ಲಿ ಕೂತವರು ಯಾರು ಅಂತ ಮಾತ್ರ ಅಷ್ಟಾಗಿ ಬರೆಯುವುದಿಲ್ಲ. ಆ ಜಾಗ ಹಿಡಿದದ್ದು 25ನೇ ಡಿವಿಷನ್. ಅಷ್ಟು ಹೊತ್ತಿಗೆ ಅದು ಅಲ್ಲಿಗೆ ಬಂದು ತಲುಪಿತ್ತು, ತರಬೇತಾಗಿತ್ತು, ಆಳುಗಳು ಪೂರ್ತಿ ಇದ್ದರು. ಅದು ಇಲ್ಲದಿದ್ದರೆ 5ನೇ ಡಿವಿಷನ್ನನ್ನು ಕದಲಿಸುವುದು ಎಷ್ಟು ಕಷ್ಟವಾಗುತ್ತಿತ್ತು, ಯೋಚಿಸಿ ನೋಡಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. 1942-43ರಲ್ಲಿ ಆತುರಪಟ್ಟು ಇದನ್ನೂ ಡಾನ್‌ಬೈಕ್‌ಗೆ ಎಸೆದಿದ್ದರೆ, 1944ರ ಮಾರ್ಚ್‌ನಲ್ಲಿ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮುಂದಿನ ತಿಂಗಳುಗಳ ಕೆಲಸ ಬೇಸರದ್ದು. ಮೌಂಗ್‌ಡಾವ್‌ನಿಂದ ಬುಥಿಡಾಂಗ್‌ಗೆ ಹೋಗುವ ರಸ್ತೆ ಗುಡ್ಡಸಾಲನ್ನು ಹಳೆಯ ರೈಲು ಸುರಂಗಗಳಲ್ಲಿ ದಾಟುತ್ತದೆ. ಆ ಸುರಂಗಗಳ ಸುತ್ತ ಕಾದಾಟ. 551 ಅನ್ನುವ ಅಂಕಿಯಿಂದಲೇ ಗುರುತಿಸುತ್ತಿದ್ದ ಗುಡ್ಡವನ್ನು ಹಲವು ಸಲ ಸೋತ ಮೇಲೆ ಮೇ ತಿಂಗಳ ಆರಂಭದಲ್ಲಿ ಪಕ್ಕದ 26ನೇ ಡಿವಿಷನ್ ಹಿಡಿಯಿತು. ಆಮೇಲೆ ಮಳೆ. ಮಳೆಗಾಲವಿಡೀ ಹಿಡಿದ ಜಾಗ ಕಾಯುವುದು, ಗಸ್ತು ತಿರುಗುವುದು. ನವೆಂಬರ್ 22ರಂದು ಪೂರ್ವ ಮಾಯುವಿನಲ್ಲಿ 16/10 ಬಲೂಚ್‌ನ (ಅಂದರೆ 10ನೇ ಬಲೂಚ್ ರೆಜಿಮೆಂಟಿನ 16ನೇ ಬೆಟಾಲಿಯನ್‌ನ) ಸಿಪಾಯಿ ಭಂಡಾರಿ ರಾಮ್ ಮೈಯೆಲ್ಲ ಗಾಯವಾಗಿದ್ದರೂ ತೆವಳಿಕೊಂಡು ಹೋಗಿ ಜಪಾನಿ ಮೆಷಿನ್ ಗನ್ ಗುಂಡಿಗೆ ಗ್ರೆನೇಡ್ ಹಾಕಿದರು. ಅವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು.

ಡಿಸೆಂಬರ್‌ನಲ್ಲಿ ಡಿವಿಷನ್ ಮಾಯು ಕರಾವಳಿ ಗುಂಟ ಕೆಳಗೆ ಇಳಿಯಿತು. ಸಮುದ್ರದ ಕಡೆಯಿಂದ ದೋಣಿಯಲ್ಲಿ ಸಾಮಾನು, ಮರಳಿನ ಮೇಲೆ ನಡಿಗೆ. 14ನೇ ಡಿವಿಷನ್ ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡ ಡಾನ್‌ಬೈಕ್ ದಾಟಿ, ತಿಂಗಳ ಕೊನೆಯ ವಾರಕ್ಕೆ ಪರ್ಯಾಯ ದ್ವೀಪದ ತುದಿ ಮುಟ್ಟಿತು. ಇಲ್ಲಿ ಹೊಗಳಿಕೆಗೆ ಸ್ವಲ್ಪ ಕಡಿವಾಣ ಹಾಕಬೇಕು. ಇಂಫಾಲದಲ್ಲಿ ಜಪಾನಿಯರ ಬೆನ್ನು ಮುರಿದಿತ್ತು. ಅರಕಾನಿನಲ್ಲಿ ಅವರ ಪಡೆ ತೆಳುವಾಗಿತ್ತು. 1945ರ ಜನವರಿ 3ರಂದು ಅಕ್ಯಾಬ್ ದ್ವೀಪದಲ್ಲಿ ಇಳಿದಾಗ ಅಲ್ಲಿ ಎದುರಿಸಲು ಯಾರೂ ಇರಲಿಲ್ಲ. ಎರಡು ವರ್ಷ ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದ ದ್ವೀಪ ಸುಮ್ನೆ ಕೈಗೆ ಬಂತು.

ಕಂಗಾ: ಕೆಸರಿನಲ್ಲಿ ಹಾಕಿದ ಅಡ್ಡಗಟ್ಟೆ

ನಿಜವಾದ ಪರೀಕ್ಷೆ ಆ ತಿಂಗಳ ಕೊನೆಗೆ. ಜಪಾನಿಯರ 54ನೇ ಡಿವಿಷನ್ ಕಲಾದಾನ್ ಕಣಿವೆಯ ಕಡೆಯಿಂದ ದಕ್ಷಿಣಕ್ಕೆ ಸರಿಯುತ್ತಿತ್ತು. ಹಿಂದಿನಿಂದ 82ನೇ ಪಶ್ಚಿಮ ಆಫ್ರಿಕಾ ಡಿವಿಷನ್ ಒತ್ತುತ್ತಿತ್ತು. ಗಾಡಿ, ಫಿರಂಗಿ ಹೋಗಬಹುದಾದ ರಸ್ತೆ ಇದ್ದದ್ದು ಒಂದೇ. ಅದು ಕಂಗಾ ಅನ್ನುವ ಹಳ್ಳಿಯ ಮೂಲಕ ಹಾದು ಹೋಗುತ್ತಿತ್ತು. ಅಲ್ಲಿ ಅಡ್ಡ ಕೂತರೆ ಸಾಕು. ಅರಕಾನಿನ ಡಿವಿಷನ್‌ಗಳನ್ನೆಲ್ಲ ಒಟ್ಟಾಗಿ ನಡೆಸುತ್ತಿದ್ದ 15ನೇ ಕೋರ್‌ನ ಕಮಾಂಡರ್ ಕ್ರಿಸ್ಟಿಸನ್ ಅವರ ಲೆಕ್ಕ ಇಷ್ಟೇ.

ಅಲ್ಲಿಗೆ ಹೋಗುವುದು ಹೇಗೆ? ಆ ಕರಾವಳಿಯಲ್ಲಿ ನೆಲ ಯಾವುದು ನೀರು ಯಾವುದು ಅಂತ ಹೇಳುವುದೇ ಕಷ್ಟ. ಉಬ್ಬರ ಬಂದಾಗ ತುಂಬುವ, ಇಳಿತಕ್ಕೆ ಕೆಸರಾಗುವ ಹಳ್ಳಗಳು. ಅದಕ್ಕೆ ಅಲ್ಲಿ ಚೌಂಗ್ ಅನ್ನುತ್ತಾರೆ. ಎರಡೂ ದಡದಲ್ಲಿ ಕಾಂಡ್ಲಾ ಕಾಡು. ನಮ್ಮ ಕುಮಟಾ, ಹೊನ್ನಾವರದ ಅಳಿವೆಗಳನ್ನು ಕಂಡವರಿಗೆ ಒಂದು ಅಂದಾಜು ಸಿಗಬಹುದು. ಜನವರಿ 12ರಂದು ಮೊದಲು ಮ್ಯೆಬಾನ್‌ನಲ್ಲಿ ಇಳಿದರು. ಅಲ್ಲಿಂದ ನೇರ ದಾರಿಯಲ್ಲಿ ಜಪಾನಿಯರು ಕಾಯುತ್ತಿರುತ್ತಾರೆ ಅಂತ, ದೋಣಿಗಳು ದೊಡ್ಡ ಸುತ್ತು ಹೊಡೆದು ಡೈಂಗ್‌ಬಾನ್ ಅನ್ನುವ ಸಣ್ಣ ಚೌಂಗ್ ಒಳಗೆ ನುಗ್ಗಿದವು. ಜನವರಿ 22ರಂದು 3ನೇ ಕಮಾಂಡೊ ಬ್ರಿಗೇಡ್ ಇಳಿದು 170 ಅಂಕಿಯ ಗುಡ್ಡ ಹಿಡಿಯಿತು. ಅದರ ಬೆನ್ನಿಗೆ 25ನೇ ಡಿವಿಷನ್‌ನ 51ನೇ ಬ್ರಿಗೇಡ್ ಬಂತು. ಹೊರಗಿನ ನೀರಿನಲ್ಲಿ ನಿಂತ ಹಡಗುಗಳು ಫಿರಂಗಿ ಬೆಂಬಲ ಕೊಟ್ಟವು. ಅರಕಾನ್ ಕರಾವಳಿಯ ಈ ದಾಳಿಗಳಲ್ಲಿ ರಾಯಲ್ ಇಂಡಿಯನ್ ನೇವಿಯ ನರ್ಬದಾ ಮತ್ತು ಜಮುನಾ ಹಡಗುಗಳೂ ದುಡಿದವು.

ಜಪಾನಿಯರಿಗೆ ಈ ಅಡ್ಡಗಟ್ಟೆ ಕೀಳಲೇಬೇಕಿತ್ತು. ದೋಣಿ ನಿಲ್ಲುವ ದಡದ ಮೇಲೆ ದಿನವಿಡೀ ಗುಂಡು ಸುರಿಸಿದರು. ಅವರ ಫಿರಂಗಿಗಳು ಬರ್ಮಾದಲ್ಲಿ ಅಷ್ಟು ಜೋರಾಗಿ ಆಡಿದ್ದು ಅಪರೂಪ. ಸೈನಿಕರು ಕುತ್ತಿಗೆಯವರೆಗೂ ಗುಂಡಿ ತೋಡಿಕೊಳ್ಳೋಣ ಅಂದರೆ ಗದ್ದೆಯಲ್ಲಿ ನೀರು ಬರುತ್ತಿತ್ತು. 19ನೇ ಲ್ಯಾನ್ಸರ್ಸ್‌ನ ಕೆಲವೇ ಟ್ಯಾಂಕ್‌ಗಳನ್ನು ಹರಸಾಹಸ ಮಾಡಿ ದಡಕ್ಕೆ ಹತ್ತಿಸಿದ್ದರು. ಜನವರಿ 31ರ ಬೆಳಗ್ಗೆ ಜಪಾನಿ ಎಂಜಿನಿಯರ್‌ಗಳು ಬಿದಿರಿನ ತುದಿಗೆ ಸ್ಫೋಟಕ ಕಟ್ಟಿಕೊಂಡು ಈ ಟ್ಯಾಂಕ್‌ಗಳ ಮೇಲೇ ಬಿದ್ದರು. ಗುಡ್ಡದ ಉತ್ತರದ ತುದಿಯಲ್ಲಿ ಗುಂಡಿಯಿಂದ ಗುಂಡಿಗೆ ಕಾದಾಟ ನಡೆಯಿತು. ಅಲ್ಲಿ ಸತ್ತ ಕಮಾಂಡೊ ಲೆಫ್ಟಿನೆಂಟ್ ಜಾರ್ಜ್ ನೋಲೆಂಡ್‌ಗೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಗುಡ್ಡದ ಸುತ್ತ ಎಣಿಸಿದ ಜಪಾನಿ ಹೆಣಗಳು ಮುನ್ನೂರಕ್ಕೂ ಹೆಚ್ಚು.

ಬ್ರಿಟನ್ನಿನ ಬರಹಗಳಲ್ಲಿ ಕಂಗಾ ಅಂದರೆ ಈ ಕಮಾಂಡೊಗಳ ಗುಡ್ಡ. ಅದರಲ್ಲಿ ಸುಳ್ಳೇನಿಲ್ಲ. ಆದರೆ ರಸ್ತೆ ಕಟ್ಟಬೇಕಾದರೆ ಹಳ್ಳಿಯನ್ನೂ ಅದರಾಚೆಯ ದಿಬ್ಬಗಳನ್ನೂ ಹಿಡಿಯಬೇಕಿತ್ತು. ಆ ಕೆಲಸ 51ನೇ ಬ್ರಿಗೇಡ್‌ನದು. ಬ್ರಿಗೇಡಿಯರ್ ಹಟನ್ ಕೈಕೆಳಗಿನ ಮೂರು ಬೆಟಾಲಿಯನ್‌ಗಳಿಗೂ ಆಗ ಭಾರತೀಯರೇ ಕಮಾಂಡರ್‌ಗಳು. 8/19 ಹೈದರಾಬಾದ್‌ಗೆ ತಿಮ್ಮಯ್ಯ, 16/10 ಬಲೂಚ್‌ಗೆ ಎಲ್.ಪಿ. ಸೇನ್, 2/2 ಪಂಜಾಬ್‌ಗೆ ಎಸ್.ಪಿ.ಪಿ. ಥೋರಾತ್. ಮೆಲ್ರೋಸ್ ಅಂತ ಹೆಸರಿಟ್ಟಿದ್ದ ದಿಬ್ಬವನ್ನು ಥೋರಾತ್ ಅವರ ಪಂಜಾಬಿಗಳು ಜನವರಿ 29ರಂದು ಕೈಕೈ ಮಿಲಾಯಿಸಿ ಗೆದ್ದರು. ಯುದ್ಧದಲ್ಲಿ ಪಡೆ ಚೆನ್ನಾಗಿ ನಡೆಸಿದ ಅಧಿಕಾರಿಗಳಿಗೆ ಬ್ರಿಟಿಷರು ಕೊಡುತ್ತಿದ್ದ ಡಿಎಸ್‌ಒ ಪದಕ ಮೂವರಿಗೂ ಬಂತು.

ಇದರ ತೂಕ ತಿಳಿಯಬೇಕಾದರೆ ಹಿಂದಿನದು ನೆನಪಿರಬೇಕು. 1923ರಲ್ಲಿ ಬ್ರಿಟಿಷರು ಭಾರತೀಯ ಅಧಿಕಾರಿಗಳಿಗೆ ಎಂಟು ಘಟಕಗಳನ್ನು ಮಾತ್ರ ಬಿಟ್ಟುಕೊಟ್ಟಿದ್ದರು. ಬಿಳಿಯ ಅಧಿಕಾರಿ ಕರಿಯ ಅಧಿಕಾರಿಯ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದು ಅನ್ನುವುದು ಅದರ ಒಳಗುಟ್ಟು. ಇಪ್ಪತ್ತೆರಡು ವರ್ಷಕ್ಕೆ ಅಂಥ ಮೂವರು ಒಂದೇ ಬ್ರಿಗೇಡ್‌ನಲ್ಲಿ ಪಕ್ಕಪಕ್ಕ ನಿಂತು ಜಪಾನಿಯರ ಕಟ್ಟುಮಸ್ತಾದ ಪಡೆಯನ್ನು ತಡೆದರು. ಸ್ವಲ್ಪದರಲ್ಲೇ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಸಿಕ್ಕಿತು. ಯುದ್ಧರಂಗದಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಅವರೇ. ಸೇನ್ ಅವರನ್ನು 1947ರ ನವೆಂಬರ್‌ನಲ್ಲಿ ಶ್ರೀನಗರದ ಅಂಚಿನ ಶಾಲ್‌ಟೆಂಗ್‌ನಲ್ಲಿ 161ನೇ ಬ್ರಿಗೇಡ್ ನಡೆಸುತ್ತಾ ನೋಡುತ್ತೇವೆ. ಮರುವರ್ಷ ತಿಮ್ಮಯ್ಯ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸುತ್ತಾರೆ. ಸ್ವತಂತ್ರ ಭಾರತದ ಸೈನ್ಯಕ್ಕೆ ತನ್ನ ಮೊದಲ ಯುದ್ಧದಲ್ಲೇ ಇಂಥವರು ಸಿಕ್ಕರು. ಅವರು ಪಳಗಿದ ಜಾಗಗಳಲ್ಲಿ ಈ ಇಸ್ಪೀಟ್ ಎಕ್ಕದ ಡಿವಿಷನ್ನೂ ಒಂದು.

ಇಷ್ಟಾಗಿಯೂ ಕಂಗಾ ಪೂರ್ತಿ ಗೆಲುವಲ್ಲ ಅಂತ ನನ್ನ ಅನಿಸಿಕೆ. ರಸ್ತೆ ಮುಚ್ಚಿತು. ಜಪಾನಿಯರು ಫಿರಂಗಿ, ಗಾಡಿ ಬಿಟ್ಟು ಹೋಗಬೇಕಾಯಿತು. ಆದರೆ ಆಳುಗಳಲ್ಲಿ ಬಹಳ ಜನ ಪೂರ್ವದ ಗುಡ್ಡಗಳ ಕಾಲುದಾರಿ ಹಿಡಿದು ಆನ್ ಕಡೆಗೆ ಜಾರಿಕೊಂಡರು. ಕಾಲಾಳಿಗೆ ರಸ್ತೆ ಮುಚ್ಚಿದರೂ ಗುಡ್ಡ ತೆರೆದಿರುತ್ತದೆ. 1942ರಲ್ಲಿ ಜಪಾನಿಯರು ಕಲಿಸಿದ ಪಾಠವೇ ಅದು ಅಲ್ವಾ? ಫೆಬ್ರವರಿಯಲ್ಲಿ ಡಿವಿಷನ್ ಇನ್ನೂ ದಕ್ಷಿಣಕ್ಕೆ, ರುಯ್ವಾದಲ್ಲಿ ಇಳಿಯಿತು. ಮಾರ್ಚ್ 5ರಂದು ತಮಂಡು ಹತ್ತಿರ 3/2 ಗೂರ್ಖಾದ ಭಾನ್‌ಭಕ್ತ ಗುರುಂಗ್ ಒಬ್ಬರೇ ಒಂದಾದ ಮೇಲೊಂದು ಬಂಕರ್ ಖಾಲಿ ಮಾಡಿ ವಿಕ್ಟೋರಿಯಾ ಕ್ರಾಸ್ ಪಡೆದರು. ಆಮೇಲೆ ಡಿವಿಷನ್ನನ್ನು ದಕ್ಷಿಣ ಭಾರತಕ್ಕೆ ವಾಪಸ್ ಕರೆಸಿದರು. ಮುಂದಿನ ಗುರಿ ಮಲಯಾ.

ಕೊನೆಯ ಇಳಿದಾಣ

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಆದರೂ ಮಲಯಾದ ಯೋಜನೆ ನಿಲ್ಲಲಿಲ್ಲ. ಸೆಪ್ಟೆಂಬರ್ 9ರಂದು 25 ಮತ್ತು 23ನೇ ಡಿವಿಷನ್‌ಗಳು ಪಶ್ಚಿಮ ಕರಾವಳಿಯ ಮೋರಿಬ್ ಸುತ್ತಮುತ್ತ ಇಳಿದವು. ಗುಂಡು ಹಾರಿಸುವವರು ಯಾರೂ ಇರಲಿಲ್ಲ. ಮೇಲೆ ತೆಳು ಮರಳು, ಕೆಳಗೆ ಮೆತ್ತನೆ ಕೆಸರು. ಲಾರಿಗಳೂ ಟ್ಯಾಂಕ್‌ಗಳೂ ಇಳಿದ ಜಾಗದಲ್ಲೇ ಹೂತುಕೊಂಡವು. ಹಿಂದಿನಿಂದ ಬಂದವುಗಳಿಗೆ ದಾರಿಯೇ ಇಲ್ಲ.

ಇದನ್ನು ಕೇಳಿ ನಮ್ಮ ಸುಬೇದಾರ್ ಸಾಹೇಬರು ತಲೆ ಚಚ್ಚಿಕೊಂಡರು. "ಎದುರಿಗೆ ಒಂದು ಫಿರಂಗಿ ಇದ್ದಿದ್ದರೆ ಏನಾಗ್ತಿತ್ತು ಹೇಳು. ಕಂಗಾದಲ್ಲಿ ಕೆಸರು ನೋಡಿ ಬಂದವರೇ ಅಲ್ವಾ ಇವರು?" ಅಂದರು. ನಾನು ಒಪ್ಪಲಿಲ್ಲ. "ಸಾರ್, ದಡ ಆರಿಸಿದ್ದು ಇವರಲ್ಲ. ಅದು ಮೇಲಿನ ಕಚೇರಿಯ ನಕ್ಷೆ, ಫೋಟೋ ನೋಡಿ ಮಾಡಿದ ತೀರ್ಮಾನ. ಕಂಗಾದಲ್ಲಿ ಹತ್ತಿಸಬೇಕಾಗಿದ್ದದ್ದು ಬೆರಳೆಣಿಕೆಯ ಟ್ಯಾಂಕ್, ಇಲ್ಲಿ ಸಾವಿರಾರು ಗಾಡಿ" ಅಂದೆ. "ಗಾಡಿ ಜಾಸ್ತಿ ಆದಷ್ಟೂ ದಡ ಮೊದಲೇ ಮುಟ್ಟಿ ನೋಡಬೇಕು ಕಣಪ್ಪ" ಅಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಆದರೂ ಕಾಲಾಳುಗಳ ಮಟ್ಟಿಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವರು ಕೆಸರು ದಾಟಿ ನಡೆದೇ ಹೋದರು. ಕೆಲವೇ ದಿನಗಳಲ್ಲಿ ಕೌಲಾಲಂಪುರ ಮುಟ್ಟಿದರು. ಸೆಪ್ಟೆಂಬರ್ 13ರಂದು ಅಲ್ಲಿನ ವಿಕ್ಟೋರಿಯಾ ಇನ್‌ಸ್ಟಿಟ್ಯೂಷನ್ ಶಾಲೆಯಲ್ಲಿ ಜಪಾನಿಯರ 29ನೇ ಸೈನ್ಯ ಶರಣಾಗತಿ ಪತ್ರಕ್ಕೆ ಸಹಿ ಹಾಕಿತು.

1946ರಲ್ಲಿ ಮಲಯಾದಲ್ಲೇ ಡಿವಿಷನ್ನನ್ನು ವಿಸರ್ಜಿಸಿದರು. ಎರಡು ವರ್ಷಕ್ಕೆ, ಕಾಶ್ಮೀರದ ಯುದ್ಧದ ನಡುವೆ, ಭಾರತದ ಸೈನ್ಯ ಜಮ್ಮು ಭಾಗದಲ್ಲಿ ಹೊಸದೊಂದು ಡಿವಿಷನ್ ಕಟ್ಟಿ ಅದಕ್ಕೆ 25 ಅನ್ನುವ ಸಂಖ್ಯೆಯನ್ನೇ ಕೊಟ್ಟಿತು. ಇಂದಿಗೂ ಅದರ ಗುರುತು ಇಸ್ಪೀಟ್ ಎಕ್ಕವೇ.